ಹೊಳೆ ಏಡಿಯೂ ಹಿಂಬರಹವೂ

ಚೀನೀ ಭಾಷೆ ಬಲು ಕಷ್ಟ ಅನ್ನುವವರು ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಒಂದು ಸುತ್ತು ಹಾಕಿ ಬರಬೇಕು. ಇಲ್ಲಿಯವರು ಚೀನೀ ಅಕ್ಷರ ಒಂದನ್ನೂ ಓದಿದವರಲ್ಲ. ಆದರೆ ಆಡುವುದೊಂದು, ಆಗುವುದೊಂದು ಎಂಬ ವ್ಯಾಕರಣದಲ್ಲಿ ಪಳಗಿದ್ದಾರೆ.

ಚೀನಾದಲ್ಲಿ ಪೊಲೀಸರು 'ಚಹಾ ಕುಡಿಯೋಣ ಬನ್ನಿ' ಎಂದು ಕರೆದರೆ ಯಾರೂ ಬಿಸ್ಕತ್ತಿನ ಆಸೆ ಇಟ್ಟುಕೊಂಡು ಹೋಗುವುದಿಲ್ಲ, ಅದು ವಿಚಾರಣೆ. ಅಧ್ಯಕ್ಷ ಹೂ ಜಿಂಟಾವೊ ಕಾಲದಲ್ಲಿ ಸರ್ಕಾರ 'ಸಾಮರಸ್ಯದ ಸಮಾಜ' ಕಟ್ಟಲು ಹೊರಟಿತು. ಒಪ್ಪದ ಬರಹಗಳೆಲ್ಲ ಇಂಟರ್ನೆಟ್‌ನಿಂದ ಮಾಯವಾಗತೊಡಗಿದವು. 'ನನ್ನ ಬರಹ ಸಾಮರಸ್ಯ ಹೊಂದಿತು' ಎಂದು ಜನ ನಗತೊಡಗಿದರು. ಆ ಮಾತಿನ ಮೇಲೂ ಕಣ್ಣು ಬಿದ್ದಾಗ, ಚೀನೀಯಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರದ 'ಹೊಳೆ ಏಡಿ'ಯನ್ನು ಹಿಡಿದು ತಂದರು. ತಿಯಾನನ್ಮೆನ್ ಚೌಕದ ಹತ್ಯಾಕಾಂಡದ ದಿನವಾದ ಜೂನ್ 4 ಎನ್ನುವಂತಿಲ್ಲವಾದ್ದರಿಂದ ಕ್ಯಾಲೆಂಡರಿನಲ್ಲೇ ಇಲ್ಲದ 'ಮೇ 35' ಹುಟ್ಟಿತು. 2022ರ ನವೆಂಬರ್‌ನಲ್ಲಿ ಕೋವಿಡ್ ನಿರ್ಬಂಧಗಳನ್ನು ವಿರೋಧಿಸುವಾಗ, ಮಾತಿನ ಗೊಡವೆಯೇ ಬೇಡವೆಂದು ಏನೂ ಬರೆಯದ ಬಿಳಿ ಹಾಳೆ ಹಿಡಿದು ಬೀದಿಗಿಳಿದರು. ಪೊಲೀಸರು ಖಾಲಿ ಹಾಳೆಯನ್ನೂ ಓದಿಬಿಟ್ಟರು!

ನಮ್ಮ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೇ ಇದೆ. ಬಿಳಿ ಹಾಳೆ ಘೋಷಣೆಯೂ ಆದೀತೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮಲ್ಲಿ ಹಾಳೆ ತುಂಬ ಬರೆದು, ಸೀಲು ಒತ್ತಿ, ಏನನ್ನೂ ಹೇಳದಿರುವ ವಿದ್ಯೆ ಮೊದಲೇ ಸಿದ್ಧಿಸಿದೆ. ಅದಕ್ಕೆ ಹಿಂಬರಹ ಎಂದು ಹೆಸರು.

ಚೀನಾ ಸರ್ಕಾರದ ನಿಘಂಟಿಗೆ ಜೀವಂತ ಟೀಕು ಬೇಕಿದ್ದರೆ ಮುಂಡಗೋಡಕ್ಕೆ ಹೋಗಬೇಕು. 1951ರಲ್ಲಿ ಟಿಬೆಟಿನಲ್ಲಿ ನಡೆದದ್ದು ಬೀಜಿಂಗಿನ ಭಾಷೆಯಲ್ಲಿ 'ಶಾಂತಿಯುತ ವಿಮೋಚನೆ'. ಆ ಶಾಂತಿ ತಾಳಲಾರದೆ ಹಿಮಾಲಯ ದಾಟಿ ಬಂದವರಿಗಾಗಿ 1966ರಲ್ಲಿ ಇಲ್ಲಿ ಟಿಬೆಟನ್ ಕಾಲೋನಿ ಎದ್ದಿತು. ವಿಮೋಚನೆಗೊಂಡವರ ಮಕ್ಕಳು ಇಲ್ಲಿ ಗೋವಿನಜೋಳ ಬೆಳೆಯುತ್ತಾರೆ, ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರುತ್ತಾರೆ. 1995ರಲ್ಲಿ ದಲೈ ಲಾಮಾ ಅವರು ಟಿಬೆಟನ್ನರ ಇನ್ನೊಬ್ಬ ಹಿರಿಯ ಧರ್ಮಗುರು ಪಂಚೆನ್ ಲಾಮಾರ ಪುನರ್ಜನ್ಮ ಎಂದು ಗುರುತಿಸಿದ ಆರು ವರ್ಷದ ಹುಡುಗ ಕೆಲವೇ ದಿನಗಳಲ್ಲಿ ಕಾಣೆಯಾದ. ಕೇಳಿದಾಗಲೆಲ್ಲ ಚೀನಾದ ಉತ್ತರ ಒಂದೇ: 'ಸಾಮಾನ್ಯ ಜೀವನ ನಡೆಸುತ್ತಿದ್ದಾನೆ'. ಆ ಸಾಮಾನ್ಯ ಜೀವನವನ್ನು ಹೊರಗಿನವರು ಯಾರೂ ಇದುವರೆಗೆ ಕಂಡಿಲ್ಲ.

2007ರಲ್ಲಂತೂ ದೇವರನ್ನೇ ನಂಬದ ಪಕ್ಷದ ಸರ್ಕಾರ, ಲಾಮಾಗಳು ಪುನರ್ಜನ್ಮ ತಾಳುವುದಕ್ಕೆ ಸರ್ಕಾರಿ ಮಂಜೂರಾತಿ ಕಡ್ಡಾಯ ಎಂದು ಆದೇಶ ಹೊರಡಿಸಿತು. ನಗಬೇಡಿ. ನಮ್ಮಲ್ಲಿ ಪಿಂಚಣಿದಾರರು ಖುದ್ದಾಗಿ ಎದುರು ನಿಂತರೂ ಸಾಲದು, ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡಬೇಕು. ಅವರದು ಮುಂದಿನ ಜನ್ಮದ ಕಡತ, ನಮ್ಮದು ಈ ಜನ್ಮದ್ದು.

ಜೋಯಿಡಾದಲ್ಲಿ ಈ ನಿಘಂಟಿನ ಕನ್ನಡ ಆವೃತ್ತಿ ಸಿಗುತ್ತದೆ. 'ಅಭಿವೃದ್ಧಿ' ಎಂದರೆ ಸೂಪಾ ಎಂಬ ಊರು ನೀರಿಗಿಳಿದು ಅಣೆಕಟ್ಟಿಗೆ ಹೆಸರಾಗಿ ಉಳಿಯುವುದು. ತಾಲ್ಲೂಕು ಕೇಂದ್ರ ಗಂಟುಮೂಟೆ ಕಟ್ಟಿಕೊಂಡು ಜೋಯಿಡಾಕ್ಕೆ ಬರುವುದು. ಕಾಳಿ ನದಿಯಿಂದ ನಾಡಿಗೆಲ್ಲ ಕರೆಂಟು ಹರಿದರೂ ಅದೇ ತಾಲ್ಲೂಕಿನ ಎಷ್ಟೋ ಮಜರೆಗಳು ದಶಕಗಟ್ಟಲೆ ಚಿಮಣಿ ಬುಡ್ಡಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡಿರುವುದು. ಹುಲಿ ಸಂರಕ್ಷಿತ ಪ್ರದೇಶದ ಒಳಗಿನವರಿಗೆ 'ಸ್ವಯಂಪ್ರೇರಿತ ಸ್ಥಳಾಂತರ' ಎಂಬ ಯೋಜನೆ ಇದೆ, ಕುಟುಂಬಕ್ಕೆ 15 ಲಕ್ಷ ರೂಪಾಯಿ. ರಸ್ತೆ ಕೇಳಿದರೆ ಕಾಡಿನ ಕಾನೂನು, ಸಂಕ ಕೇಳಿದರೆ ಹುಲಿಯ ಕಾನೂನು. ಗರ್ಭಿಣಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಹೊತ್ತು ಹೆಗಲು ಸೋತ ದಿನ ಪ್ರೇರಣೆ ತಾನಾಗಿಯೇ ಬರುತ್ತದೆ.

ಹಳಿಯಾಳದ ಕಬ್ಬಿನ ರೈತನಿಗೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ 'ನ್ಯಾಯಯುತ ಮತ್ತು ಲಾಭದಾಯಕ ಬೆಲೆ' ಘೋಷಿಸುತ್ತದೆ. ಅದು ಕಾರ್ಖಾನೆಯ ಗೇಟಿನ ಬೆಲೆ. ಹೊಲದಿಂದ ಗೇಟಿನವರೆಗಿನ ಕಟಾವು, ಸಾಗಾಣಿಕೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ನ್ಯಾಯ ಕಟಾವು ಗ್ಯಾಂಗಿನವರಿಗೆ, ಲಾಭ ಟ್ರ್ಯಾಕ್ಟರಿನವರಿಗೆ. ರೈತನ ಪಾಲಿಗೆ 'ಮತ್ತು'.

ಅರಣ್ಯ ಹಕ್ಕು ಕಾಯ್ದೆಯದು ಇನ್ನೂ ನಾಜೂಕಿನ ಕನ್ನಡ. ಬುಡಕಟ್ಟಿನ ಪಟ್ಟಿಯಲ್ಲಿಲ್ಲದ 'ಪಾರಂಪರಿಕ ಅರಣ್ಯವಾಸಿ' ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ಸಾಕ್ಷ್ಯ ಒದಗಿಸಬೇಕು. ಹೆಬ್ಬೆಟ್ಟು ಒತ್ತಲೂ ಕಚೇರಿ ಕಾಣದ ಮುತ್ತಜ್ಜನ ಪುರಾವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದ ಮುದುಕನೊಬ್ಬ ಕಿಟಕಿಯ ಮುಂದೆ ನಿಂತಾಗ ಮಾತು ಹೀಗೆ ಸಾಗುತ್ತದೆ:

"ಸಾಹೇಬ್ರ, ನನ್ನ ಅರ್ಜಿ ಏನಾತ್ರಿ?"

"ಮ್ಯಾಲಿನವ್ರಿಗೆ ಕಳ್ಸೇವಿ ಅಜ್ಜಾ."

"ಅವ್ರೇನಂದ್ರಿ?"

"ಪರಿಶೀಲಿಸ್ರಿ ಅಂತ ನಮಗ ವಾಪಸ್ ಕಳ್ಸ್ಯಾರ."

"ಮತ್ತ ಈಗ?"

"ಪರಿಶೀಲಿಸಾಕತ್ತೇವಿ. ಸುಮ್ನ ಯಾಕ ಅಡ್ಡಾಡ್ತಿ? ಫೋನ್ ಮಾಡ್ತೇವಿ ತಗೋ."

ಅಜ್ಜನ ಹತ್ತಿರ ಫೋನಿಲ್ಲ.

ಚೀನಾದವರಿಗೂ ನಮಗೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಪ್ರಜೆ ದೊರೆಗೆ ಹೆದರಿ ಮಾತನ್ನು ಮರೆಮಾಡುತ್ತಾನೆ; ಸಿಕ್ಕಿಬಿದ್ದರೆ ಚಹಾಕ್ಕೆ ಕರೆ ಬರುತ್ತದೆ. ಇಲ್ಲಿ ಕಚೇರಿಯೇ ಪ್ರಜೆಯಿಂದ ಮಾತನ್ನು ಮರೆಮಾಡುತ್ತದೆ. ಸಿಕ್ಕಿಬಿದ್ದರೂ ಯಾರೂ ಕರೆಯುವುದಿಲ್ಲ, ಚಹಾ ಮಾತ್ರ ಟೇಬಲ್ಲಿಗೇ ಬರುತ್ತದೆ. ಬೈಯಲು ನಮಗೆ ಪೂರ್ತಿ ಸ್ವಾತಂತ್ರ್ಯ ಇದೆ. ಬೈದು ಮುಗಿಸಿದ ಮೇಲೆ ಸ್ವೀಕೃತಿ ಚೀಟಿಯನ್ನೂ ಕೊಡುತ್ತಾರೆ.

ಇದಕ್ಕೆ ಮದ್ದು ಮುಂಡಗೋಡದಲ್ಲೇ ಇದೆ. ಲ್ಹಾಸಾದ ಬಳಿ 1416ರಲ್ಲಿ ಸ್ಥಾಪನೆಯಾಗಿ, ಈಗ ನಮ್ಮ ಲಾಮಾ ಕ್ಯಾಂಪಿನಲ್ಲಿ ನೆಲೆ ಕಂಡಿರುವ ಡ್ರೆಪುಂಗ್ ಮಠದ ಅಂಗಳದಲ್ಲಿ ಸನ್ಯಾಸಿಗಳು ತರ್ಕ ನಡೆಸುತ್ತಾರೆ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನಿಸುವವನು ನಿಂತು, ಕೈ ಮೇಲೆತ್ತಿ, ಕಾಲು ಅಪ್ಪಳಿಸಿ, ಅವನ ಮೂಗಿನ ಮುಂದೆಯೇ ಚಟ್ಟನೆ ಚಪ್ಪಾಳೆ ಹೊಡೆಯುತ್ತಾನೆ. ಕೂತವನಿಗೆ ಇರುವ ಉತ್ತರಗಳು ಬೆರಳೆಣಿಕೆಯಷ್ಟು: ಒಪ್ಪಿದೆ, ಯಾಕೆ, ಹೇತು ಸಿದ್ಧವಿಲ್ಲ, ವ್ಯಾಪ್ತಿ ಇಲ್ಲ (ಅಂದರೆ ಆ ಹೇತುವಿನಿಂದ ಈ ಮಾತು ಸಿದ್ಧವಾಗದು). 'ಪರಿಶೀಲಿಸಲಾಗುವುದು' ಎಂಬುದು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನಾಲ್ಕೂ ತಾಲ್ಲೂಕುಗಳ ಮುಂದಿನ ಜನಸ್ಪಂದನ ಸಭೆಯನ್ನು ಆ ಅಂಗಳದಲ್ಲೇ ಇಡಬೇಕು. ಸಾಹೇಬರು ಕೂರಲಿ, ಅಜ್ಜ ನಿಲ್ಲಲಿ. ನಾಲ್ಕನೆಯ ಉತ್ತರ ಕೇಳಿದೊಡನೆ ಸಾಹೇಬರ ಮುಖ ಅರಳುವುದು ಖಂಡಿತ, 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಅನ್ನುವುದು ಅವರಿಗೆ ನಿತ್ಯದ ಪಾಠ. ಆದರೆ ಆ ಅಂಗಳದಲ್ಲಿ ಹಾಗೆಂದವನು ಅಲ್ಲೇ, ಆಗಲೇ, ಒಂದು ವಿರುದ್ಧ ದೃಷ್ಟಾಂತ ಕೊಡಬೇಕು. ಕೊಡುವ ತನಕ ಅಜ್ಜ ಚಪ್ಪಾಳೆ ಹೊಡೆಯುತ್ತಲೇ ಇರಬಹುದು. ಸಾಹೇಬರು ಊಟಕ್ಕೆಂದು ಎದ್ದು ಹೋಗುವಂತಿಲ್ಲ.