ಮಾನ್ಯ ಪ್ರಾಜೆಕ್ಟ್ ಡೈರೆಕ್ಟರ್ ಸಾಹೇಬರ ಸನ್ನಿಧಾನಕ್ಕೆ

ಸ್ವಾಮಿ,

ಕಳೆದ ರಿವ್ಯೂ ಮೀಟಿಂಗಿನಲ್ಲಿ ತಾವು ಸಿಡ್ನಿ ಒಪೆರಾ ಹೌಸಿನ ಚಿತ್ರ ತೋರಿಸಿ, ‘ನಮ್ಮ ಗುರಿ ಇದು’ ಎಂದು ಅಪ್ಪಣೆ ಕೊಡಿಸಿದಿರಿ. ಸೈಟ್ ಎಂಜಿನಿಯರುಗಳ ಪರವಾಗಿ ಸಂತಸದಿಂದ ತಿಳಿಸುತ್ತೇನೆ: ಗುರಿಯನ್ನು ಹೆಚ್ಚೂಕಡಿಮೆ ಮುಟ್ಟಿದ್ದೇವೆ.

ಅಲ್ಲೂ ಹೀಗೇ ಆಗಿತ್ತಲ್ಲ. 1957ರಲ್ಲಿ ವಿನ್ಯಾಸ ಸ್ಪರ್ಧೆ ಗೆದ್ದ ಆರ್ಕಿಟೆಕ್ಟ್ ಯೋರ್ನ್ ಉಟ್ಸೋನ್ ಚಾವಣಿಯ ಲೆಕ್ಕ ಬಿಡಿಸುತ್ತಲೇ ಇದ್ದರು; ಸರ್ಕಾರಕ್ಕೆ ಅವಸರ, 1959ಕ್ಕೇ ಕೆಲಸ ಶುರು. ಚಾವಣಿಯ ವಿನ್ಯಾಸ ಇತ್ಯರ್ಥವಾಗುವ ಹೊತ್ತಿಗೆ, ಎದ್ದು ನಿಂತಿದ್ದ ಕಂಬಗಳಿಗೆ ಅದನ್ನು ಹೊರುವ ತ್ರಾಣವಿಲ್ಲ. ಮತ್ತೆ ಕಟ್ಟಬೇಕಾಯಿತು. 70 ಲಕ್ಷ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೇರಿತು. 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ ಮುಗಿಯಿತು.

ನಮ್ಮಲ್ಲೂ ನಾಲ್ಕನೇ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿದ ಮೇಲೆಯೇ ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’ ಮೊಹರಿನ ಡ್ರಾಯಿಂಗ್ ದಯಮಾಡಿಸಿತು. ಅದರಲ್ಲಿ ಎಸಿ ಡಕ್ಟು ಬೀಮಿನ ನಟ್ಟನಡುವೆ ಹಾದುಹೋಗಿದೆ. ಬೀಮು ಕೊರೆಯಲೋ, ಡಕ್ಟು ಬಗ್ಗಿಸಲೋ ಎಂದು ಕೇಳಿದೆವು. ‘ಪಾಸಿಟಿವ್ ಆಗಿ ಯೋಚಿಸಿ’ ಎಂದಿರಿ. ಹಾಗೆ ಯೋಚಿಸಿದ ಗುತ್ತಿಗೆದಾರ ಡ್ರಿಲ್ ಹಿಡಿದು ಕಂಬಿಯವರೆಗೂ ಹೋಗಿದ್ದ. ಪುಣ್ಯಕ್ಕೆ ಕರೆಂಟು ಹೋಯಿತು.

ಕಾಂಕ್ರೀಟನ್ನು ಒದ್ದೆಯಾಗಿಡುವ ಕ್ಯೂರಿಂಗ್ ಕನಿಷ್ಠ ಏಳು ದಿನ ಎನ್ನುತ್ತದೆ ಐಎಸ್ 456 ಸಂಹಿತೆ. ಛೇರ್ಮನ್ನರ ಭೇಟಿಯ ದಿನ ಸೈಟು ಲಕ್ಷಣವಾಗಿ ಕಾಣಲೆಂದು ಒದ್ದೆ ಗೋಣಿಗಳನ್ನೆಲ್ಲ ಮೂರನೇ ದಿನವೇ ತೆಗೆಸಿದಿರಿ. ಫೋಟೋ ಚೆನ್ನಾಗಿ ಬಂದಿದೆ. ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಟೆಸ್ಟಿನ 28 ದಿನವನ್ನು 14ಕ್ಕೆ ಇಳಿಸಲಾಗದೇ ಎಂದು ಕೇಳಿದ್ದಿರಿ. ತಮ್ಮ ಇಮೇಲನ್ನು ಸಿಮೆಂಟಿಗೆ ಫಾರ್ವರ್ಡ್ ಮಾಡಿದ್ದೇವೆ, ಉತ್ತರ ಬಂದಿಲ್ಲ.

ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ ತಮ್ಮ ಆಜ್ಞೆಯಂತೆ ಪ್ರತಿ ವಿಳಂಬಕ್ಕೂ ‘ಮಳೆ’ ಎಂದೇ ಬರೆದಿದ್ದೇವೆ. ಫೆಬ್ರವರಿಯಲ್ಲಂತೂ ಬಿಟ್ಟೂಬಿಡದೆ ಸುರಿದಿದೆ. ಡ್ರಾಯಿಂಗಿಗಾಗಿ ಕಾದ ದಿನಗಳು ಲೆಕ್ಕಕ್ಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಿಡ್ನಿಗಿಂತ ಹಿಂದಿದ್ದೇವೆ. ಸಚಿವರ ಜತೆಗಿನ ಜಟಾಪಟಿ, ಬಾಕಿ ಶುಲ್ಕದ ತಕರಾರು ಎಲ್ಲ ಸೇರಿ ಉಟ್ಸೋನ್ 1966ರಲ್ಲೇ ರಾಜೀನಾಮೆ ಕೊಟ್ಟು ಹೊರಟರು. 2008ರಲ್ಲಿ ತೀರಿಕೊಳ್ಳುವವರೆಗೂ ತಾವು ರೂಪಿಸಿದ ಕಟ್ಟಡ ಪೂರ್ಣಗೊಂಡದ್ದನ್ನು ಕಣ್ಣಾರೆ ನೋಡಲಿಲ್ಲ. ನಮ್ಮ ಆರ್ಕಿಟೆಕ್ಟ್ ಮೇಡಂ ಇನ್ನೂ ಹೋಗಿಲ್ಲ. ಅವರ ಬಿಲ್ಲನ್ನು ತಾವು ತಡೆಹಿಡಿದಿರುವ ಶ್ರದ್ಧೆ ನೋಡಿದರೆ, ಅದಕ್ಕೂ ಬಹಳ ದಿನ ಬೇಕಾಗಲಾರದು.

ಬರೆದ ತುರ್ತು ಕಾರಣ: ಉದ್ಘಾಟನೆಯ ಗ್ರಾನೈಟ್ ಫಲಕ ಬಂದಿಳಿದಿದೆ. ಇಡೀ ಪ್ರಾಜೆಕ್ಟಿನಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಬಂದದ್ದು ಅದೊಂದೇ. ತಮ್ಮ ಹೆಸರು ಅಂಗೈಯಗಲದ ಅಕ್ಷರಗಳಲ್ಲಿದೆ. ಆದರೆ ಅದನ್ನು ಕೂರಿಸಬೇಕಾದ ಗೋಡೆಯೇ ಹೊಸ ಡ್ರಾಯಿಂಗಿನಲ್ಲಿಲ್ಲ. ಗೋಡೆ ಎಬ್ಬಿಸಲೋ, ಫಲಕ ವಾಪಸ್ ಕಳಿಸಲೋ, ಶುಕ್ರವಾರದೊಳಗೆ ತಿಳಿಸುವುದು. ಇಲ್ಲವಾದರೆ ರಿಜಿಸ್ಟರಿನಲ್ಲಿ ಮತ್ತೊಂದು ಮಳೆ ಬರೆಸುತ್ತೇವೆ.

ಇತಿ ತಮ್ಮ ವಿಧೇಯ,
ಸೈಟ್ ಎಂಜಿನಿಯರ್