ವೀರಗಲ್ಲಿನ ಜೊತೆ ಅದರ ಊರನ್ನೂ ಕಳಿಸಿ

ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಹಳೆಯ ಕಲ್ಲು ಕಂಡ ಕೂಡಲೇ ಮೊಬೈಲ್ ಹೊರತೆಗೆಯುವ ಗೆಳೆಯ ಗೆಳತಿಯರೇ,



ನೀವು ಹಂಚಿಕೊಳ್ಳುವ ಚಿತ್ರಗಳನ್ನು ಆಸೆಯಿಂದ ನೋಡುತ್ತೇನೆ. ಕೆಳಗಿನ ಹಂತದಲ್ಲಿ ಕತ್ತಿ ಹಿರಿದ ವೀರ, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಹಂತಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳು. ಅಡಿಬರಹ ಮಾತ್ರ ‘ದಾರಿಯಲ್ಲಿ ಕಂಡ ವೀರಗಲ್ಲು’. ಯಾವ ದಾರಿ? ಯಾವ ತಾಲ್ಲೂಕು? ಅದು ತಿಳಿಯದಿದ್ದರೆ ಆ ಅಕ್ಷರಗಳನ್ನು ಓದಬಲ್ಲವರು ಅಲ್ಲಿಗೆ ಹೋಗುವುದು ಹೇಗೆ? ಕಲ್ಲು ಮೊದಲೇ ದಾಖಲಾಗಿದೆಯೋ ಇಲ್ಲವೋ ಎಂದು ತಾಳೆ ನೋಡುವುದು ಹೇಗೆ?

ಶಾಸನತಜ್ಞ ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತೆರೆದು ನೋಡಿ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರು, ಊರಿನಲ್ಲಿ ಯಾವ ಜಾಗ ಎಂಬುದನ್ನೂ ನಮೂದಿಸಿದ್ದಾರೆ. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ 10ನೇ ಶತಮಾನದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೂ ಅದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಾಗಿಯೇ ಉಳಿದಿದೆ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವಿದೆ. ಆ ಕಲ್ಲು ಎಲ್ಲಿಯದೆಂದು ತಿಳಿಯದೆ ಹೋಗಿದ್ದರೆ, ಅದರಲ್ಲಿರುವ ಬೆಂಗಳೂರು ಯಾವುದೆಂದು ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ.

ರಸ್ತೆ ಅಗಲವಾಗುತ್ತದೆ, ಕೆರೆಯಂಗಳ ಬಡಾವಣೆಯಾಗುತ್ತದೆ, ಕಲ್ಲು ಮಣ್ಣಿನಡಿ ಸೇರುತ್ತದೆ. ಆಗ ಉಳಿಯುವುದು ನೀವು ಬರೆದಿಟ್ಟ ಜಾಗವೊಂದೇ.

ಕೆಲಸ ಕಷ್ಟದ್ದಲ್ಲ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆನ್ ಮಾಡಿ. ಕಲ್ಲಿನ ಹತ್ತಿರ ತುಸು ಹೊತ್ತು ನಿಂತು, ಜಿಪಿಎಸ್ ಸರಿಯಾಗಿ ಸಿಕ್ಕ ಮೇಲೆ ಕ್ಲಿಕ್ಕಿಸಿ. ಅವಸರ ಮಾಡಿದರೆ ಹಿಂದಿನ ಊರಿನ ಗುರುತೇ ದಾಖಲಾಗಬಹುದು. ಅಕ್ಷಾಂಶ ರೇಖಾಂಶಗಳು ಫೋಟೊ ಕಡತದೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಸೇರುತ್ತವೆ. ದಶಮಾಂಶದ ನಂತರ ನಾಲ್ಕು ಅಂಕಿಯಿದ್ದರೆ ಸುಮಾರು 11 ಮೀಟರ್, ಐದಿದ್ದರೆ ಸುಮಾರು ಒಂದು ಮೀಟರ್‌ವರೆಗೆ ಗುರುತು ಹಿಡಿಯಬಹುದು. ಜಿಪಿಎಸ್ ಇಲ್ಲದ ಕ್ಯಾಮೆರಾವಾದರೆ ಮೊಬೈಲ್‌ನಲ್ಲೂ ಒಂದು ಚಿತ್ರ ತೆಗೆದುಕೊಳ್ಳಿ. ಮನೆಗೆ ಬಂದು ಎಕ್ಸಿಫ್‌ಟೂಲ್‌ನಂಥ ತಂತ್ರಾಂಶದಿಂದ ಅದರ ಗುರುತನ್ನು ಉಳಿದವಕ್ಕೂ ಸೇರಿಸಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಆದ್ದರಿಂದ ಅಡಿಬರಹದಲ್ಲೂ ಊರು, ಹೋಬಳಿ, ತಾಲ್ಲೂಕು ಬರೆಯಿರಿ. ಅಕ್ಷರಗಳ ಹತ್ತಿರದ ಚಿತ್ರದ ಜೊತೆಗೆ ಸುತ್ತಲಿನ ಮರ, ಗುಡಿ, ಏರಿ ಕಾಣುವಂಥ ಇನ್ನೊಂದು ಚಿತ್ರವೂ ಇರಲಿ.

ಎಲ್ಲ ಜಾಗವನ್ನೂ ಎಲ್ಲರಿಗೂ ಸಾರಬೇಕಿಲ್ಲ ಎಂಬುದೂ ನಿಜ. ನಿಧಿಯಾಸೆಗೆ ಕಲ್ಲು ಕೀಳುವವರು, ವಿಗ್ರಹ ಕದಿಯುವವರು ನಮ್ಮಲ್ಲಿದ್ದಾರೆ. ಕಾವಲಿಲ್ಲದ ಗುಡಿಯ ಮೂರ್ತಿ, ಹೊಲದಲ್ಲಿ ಬಿಡಿಯಾಗಿ ಬಿದ್ದ ಶಿಲ್ಪ ಕಂಡರೆ ನಿಖರ ಗುರುತನ್ನು ಊರ ಹಿರಿಯರಿಗೂ ಪುರಾತತ್ವ ಇಲಾಖೆಗೂ ಮೊದಲು ತಿಳಿಸಿ. ಸಾರ್ವಜನಿಕವಾಗಿ ತಾಲ್ಲೂಕಿನ ಹೆಸರಷ್ಟೇ ಸಾಕು. ಆದರೆ ಮೂಲ ಕಡತದಲ್ಲಿ ಗುರುತು ಅಳಿಸಬೇಡಿ.

ಹಳೆಯ ಚಿತ್ರಗಳು ನಿಮ್ಮ ಮೊಬೈಲ್‌ನಲ್ಲಿ ಇದ್ದೇ ಇರುತ್ತವೆ. ಎಲ್ಲಿ ತೆಗೆದದ್ದೆಂದು ನೆನಪಿರುವಾಗಲೇ, ಈ ಭಾನುವಾರವೇ ಕೂತು, ಒಂದೊಂದಕ್ಕೂ ಅದರ ಊರನ್ನು ಸೇರಿಸಿ.

ಇತಿ,
ನಿಮ್ಮಂತೆಯೇ ಕಲ್ಲುಗಳ ಬೆನ್ನು ಹತ್ತಿದವ