ಟಾಪರಪ್ಪನವರ ಒಂದು ಮಾರ್ಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಸಚಿವರು ಪತ್ರಿಕಾಗೋಷ್ಠಿ ಮುಗಿಸುವ ಹೊತ್ತಿಗೆ ಮಕ್ಕಳು ಮೊಬೈಲಿನಲ್ಲಿ ರಿಜಿಸ್ಟರ್ ನಂಬರ್ ಒತ್ತಿ, ನಗುವವರು ನಕ್ಕು, ಅಳುವವರು ಅತ್ತು, ಸಂಜೆಗೆ ಪಾನಿಪೂರಿ ಗಾಡಿಯ ಹತ್ತಿರ ಸೇರಿರುತ್ತಾರೆ. ಮಕ್ಕಳ ಪರೀಕ್ಷೆ ಅಲ್ಲಿಗೆ ಮುಗಿಯಿತು. ಟಾಪರಪ್ಪನವರ ಪರೀಕ್ಷೆ ಶುರುವಾಗುವುದೇ ಆಮೇಲೆ.

ಟಾಪರಪ್ಪ ಯಾರೆಂದು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿರುತ್ತದೆ. ಕೆಲಸ ಬ್ಯಾಂಕಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಸ್ವಂತ ಹಾರ್ಡ್‌ವೇರ್ ಅಂಗಡಿಯಲ್ಲೋ ಇರಬಹುದು. ಮಗುವಿಗೆ ಆರುನೂರರ ಮೇಲೆ ಬಂದಿರುತ್ತದೆ, ಅವತ್ತಿನಿಂದ ಇವರಿಗೆ ನಿದ್ದೆ ಬರುವುದಿಲ್ಲ. ನಮ್ಮ ಬಡಾವಣೆಯ ಟಾಪರಪ್ಪನವರ ಮಗಳಿಗೆ 2025ರಲ್ಲಿ 625ಕ್ಕೆ 621 ಬಂತು. ಅಭಿನಂದನೆ ಹೇಳೋಣವೆಂದು ಹೋದರೆ, ಜಗುಲಿಯ ಮೇಲೆ ಕೈ ಚೆಲ್ಲಿ ಕೂತಿದ್ದರು. "ನಾಲ್ಕು ಹೋಯ್ತು ಕಣ್ರೀ" ಎಂದರು. ಆ ದನಿ ಕೇಳಿದ ಎದುರುಮನೆಯ ಅಜ್ಜಿ "ಯಾರು ಹೋದ್ರಪ್ಪಾ?" ಎಂದು ಗಾಬರಿಯಿಂದ ಗೇಟಿಗೇ ಬಂದುಬಿಟ್ಟರು.

ಹುಡುಗಿ ಒಳಗೆ ಟೀವಿ ನೋಡುತ್ತಿದ್ದಳು.

ಆ ವರ್ಷ ರಾಜ್ಯದಲ್ಲಿ 22 ಮಕ್ಕಳು 625ಕ್ಕೆ 625 ತೆಗೆದಿದ್ದರು. ಹಾಗಾದರೆ 624 ಬಂದವರಿಗೆ ಎಷ್ಟನೇ ಸ್ಥಾನ? ಇಪ್ಪತ್ತೆರಡು ಜನ ಮುಂದಿದ್ದಾರೆ, ಆದ್ದರಿಂದ ಇಪ್ಪತ್ತಮೂರನೆಯದು ಎನ್ನುವುದು ಒಂದು ಲೆಕ್ಕ. ಒಂದೇ ಮಾರ್ಕು ಹಿಂದೆ, ಆದ್ದರಿಂದ ಎರಡನೆಯದು ಎನ್ನುವುದು ಇನ್ನೊಂದು. ಶಾಲೆಗಳ ಫ್ಲೆಕ್ಸಿನಲ್ಲಿ ನಡೆಯುವುದು ಎರಡನೇ ಲೆಕ್ಕ. ಟಾಪರಪ್ಪನವರಿಗೆ ಎರಡೂ ಬಾಯಿಪಾಠ. ಮಗಳ 621ಕ್ಕೆ ಎರಡನೇ ಲೆಕ್ಕ ಹಾಕಿ "ರಾಜ್ಯಕ್ಕೆ ಐದನೇ ರ‍್ಯಾಂಕು" ಎನ್ನುತ್ತಾರೆ. ಷಡ್ಡಕನ ಮಗನ 619ಕ್ಕೆ ಮೊದಲನೇ ಲೆಕ್ಕ ಹಾಕಿ "ಅವನ ಮುಂದೆ ನೂರಾರು ಜನ ಇದಾರೆ ಬಿಡಿ" ಎನ್ನುತ್ತಾರೆ. ಎರಡನ್ನೂ ಒಂದೇ ಕಾಫಿ ಮುಗಿಯುವುದರೊಳಗೆ ಹೇಳುತ್ತಾರೆ, ಎಲ್ಲಿಯೂ ತಡವರಿಸುವುದಿಲ್ಲ.

ಇತಿಹಾಸವನ್ನು ಓದುವ ರೀತಿಯೂ ಅಷ್ಟೇ. 2021ರಲ್ಲಿ ಕೊರೊನಾ ಕಾರಣಕ್ಕೆ ಆರು ವಿಷಯವನ್ನು ಎರಡೇ ದಿನದಲ್ಲಿ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿಸಿದರಲ್ಲ, ಆಗ 157 ಮಕ್ಕಳಿಗೆ ಪೂರ್ತಿ 625 ಬಂದಿತ್ತು. ಮರುವರ್ಷ ಬರೆಯುವ ಪರೀಕ್ಷೆಯಲ್ಲೇ 145 ಮಂದಿಗೆ ಬಂತು. 2023ಕ್ಕೆ ಅದು ನಾಲ್ಕಕ್ಕೆ ಇಳಿಯಿತು. "2022ರದ್ದು ಧಾರಾಳ ವ್ಯಾಲ್ಯುಯೇಶನ್ನು, ಲೆಕ್ಕಕ್ಕಿಲ್ಲ" ಎಂದು ತೀರ್ಪು ಕೊಟ್ಟರು. ಹಾಗಾದರೆ 2021ರದ್ದು ಎಂದೆ. ಅವರ ದೊಡ್ಡ ಮಗ ಪಾಸಾದದ್ದು ಆ ವರ್ಷ. "ಅದು ಓಎಂಆರ್ ಸ್ವಾಮಿ! ಮಷೀನಿಗೆ ನಮ್ಮವನು ಅವರವನು ಅನ್ನೋದು ಉಂಟಾ? ಅಷ್ಟು ನ್ಯಾಯವಾದ ಪರೀಕ್ಷೆ ಈ ರಾಜ್ಯದಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗಲ್ಲ."

2024ರ ಬಗ್ಗೆ ಮಾತ್ರ ಅವರಿಗೆ ಹೇಳಲು ಏನೂ ಸಿಕ್ಕಿಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ವರ್ಷ ಅದು. ಹಿಂದಿನ ವರ್ಷ 83.89 ಇದ್ದ ಪಾಸಿನ ಪ್ರಮಾಣ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ 73.40ರಲ್ಲಿ ನಿಂತಿತು. ಇಡೀ ರಾಜ್ಯಕ್ಕೆ 625 ಬಂದದ್ದು ಒಬ್ಬಳೇ ಹುಡುಗಿಗೆ, ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಟಾಪರಪ್ಪನವರು ಪೇಪರನ್ನು ಹತ್ತಿರ ಹಿಡಿದು, ದೂರ ಹಿಡಿದು, ಆ ಸುದ್ದಿಯನ್ನು ಎರಡು ಸಲ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಟ್ಯೂಷನ್ ಯಾವುದಂತೆ?"

ಕೃಪಾಂಕವೆಂದರೆ ಅವರಿಗೆ ಮೈಯೆಲ್ಲ ಉರಿ. ಫೇಲಾಗುವವರಿಗೆ ಪುಕ್ಕಟೆ ಮಾರ್ಕು ಹಂಚಿದರೆ ಓದುವವರಿಗೆ ಏನು ಬೆಲೆ ಎಂದು ಸಂಪಾದಕರಿಗೆ ಪತ್ರ ಬರೆದಿದ್ದರು. ನಾನು ಸುಮ್ಮನಿರಬಹುದಿತ್ತು. ಆದರೂ, ಆಂತರಿಕ ಮೌಲ್ಯಮಾಪನದ ಅಂಕ ಎಷ್ಟು ಸಾರ್ ಎಂದೆ. ಪ್ರಥಮ ಭಾಷೆಗೆ 25, ಉಳಿದ ಐದಕ್ಕೆ ಇಪ್ಪತ್ತಿಪ್ಪತ್ತು, ಒಟ್ಟು 125. ಅಂದರೆ ಇಲ್ಲೂ ನೂರಕ್ಕೆ ಇಪ್ಪತ್ತೇ. ಇದನ್ನು ಕೊಡುವುದು ಮಂಡಳಿಯಲ್ಲ, ಅವರವರ ಶಾಲೆ. ತನ್ನ ಫ್ಲೆಕ್ಸಿನ ಮೇಲೆ ಬರಲಿರುವ ಮಗುವಿಗೆ ಇಪ್ಪತ್ತಕ್ಕೆ ಹದಿನೆಂಟು ಕೊಟ್ಟ ಶಾಲೆಯನ್ನು ನಾನಂತೂ ಕಂಡಿಲ್ಲ. "ಅದು ಪ್ರಾಜೆಕ್ಟು ಮಾಡಿದ್ದಕ್ಕೆ ಬರೋದು ಕಣ್ರೀ" ಎಂದರು. ಪ್ರಾಜೆಕ್ಟು ಮಾಡಿದವರು ಯಾರೆಂದು ನಮ್ಮ ಬೀದಿಗೆಲ್ಲ ಗೊತ್ತು. ಮಳೆನೀರು ಕೊಯ್ಲಿನ ಮಾದರಿಗೆ ಥರ್ಮಕೋಲ್ ಕತ್ತರಿಸಲು ಹೋಗಿ ಬೆರಳು ಕೊಯ್ದುಕೊಂಡು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡವರು ಅವರೇ.

ಸಂಸ್ಕೃತದ ವಿಷಯ ಎತ್ತಲೇ ಇಲ್ಲ. ಪ್ರಥಮ ಭಾಷೆಗೆ 125 ಅಂಕ ಎಂಬ ಒಂದೇ ಕಾರಣಕ್ಕೆ, ಮಗಳು ಎಂಟನೇ ಕ್ಲಾಸಿಗೆ ಕಾಲಿಟ್ಟ ದಿನವೇ ಕನ್ನಡ ತೆಗೆಸಿ ಸಂಸ್ಕೃತ ಕೊಡಿಸಿದ್ದರು. "ಸ್ಕೋರಿಂಗ್ ಸಬ್ಜೆಕ್ಟು, ಉತ್ತರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದರೂ ನಡೆಯುತ್ತೆ." ದೇವಭಾಷೆಯ ಬಗ್ಗೆ ಅವರ ಭಕ್ತಿ ಎಸ್ಸೆಸ್ಸೆಲ್ಸಿಯ ಕೊನೆಯ ಪತ್ರಿಕೆಯವರೆಗೆ ಅಚಲವಾಗಿತ್ತು.

ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಬಂದ ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊಬೈಲಿನಲ್ಲಿ ಅಕ್ಷರ ಕಾಣುವುದಿಲ್ಲವೆಂದು ಎಲ್ಲವನ್ನೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದರು. ಊಟದ ಮೇಜಿನಿಂದ ಉಪ್ಪಿನಕಾಯಿ ಜಾಡಿ, ನೀರಿನ ಜಗ್ಗು ಎಲ್ಲ ಕೆಳಗಿಳಿದವು. ಒಂದು ಕಡೆ ಮಂಡಳಿಯ ಮಾದರಿ ಉತ್ತರ, ಇನ್ನೊಂದು ಕಡೆ ಮಗಳ ಉತ್ತರ, ನಡುವೆ ಕೆಂಪು ಪೆನ್ನು ಹಿಡಿದ ಟಾಪರಪ್ಪ. ಕಂಟಕ ಇರುವ ಜಾತಕ ಸಿಕ್ಕ ಜೋಯಿಸರಂತೆ ಒಂದೊಂದು ಪುಟಕ್ಕೂ ಹುಬ್ಬು ಗಂಟಿಕ್ಕಿ "ಹ್ಞೂಂ" ಎನ್ನುತ್ತಿದ್ದರು. ನನ್ನನ್ನೂ ಸಾಕ್ಷಿಗೆಂದು ಕೂರಿಸಿಕೊಂಡಿದ್ದರು.

ಮೊದಲು ಸಿಕ್ಕಿದ್ದು ಸಮಾಜ ವಿಜ್ಞಾನದ ನಕ್ಷೆ. ಭಾರತದ ನಕ್ಷೆಯನ್ನು ಮಕ್ಕಳೇ ಬರೆದು ಸ್ಥಳ ಗುರುತಿಸಬೇಕಲ್ಲ, ಹುಡುಗಿ ಪಶ್ಚಿಮ ಕರಾವಳಿಯ ಬಂದರೊಂದನ್ನು ಕಡಲಿನೊಳಗೆ ಒಂದು ಬೆರಳಷ್ಟು ದೂರ ಗುರುತಿಸಿಬಿಟ್ಟಿದ್ದಳು. ಮೌಲ್ಯಮಾಪಕರು ಅದಕ್ಕೊಂದು ಸುತ್ತು ಹಾಕಿ ಮಾರ್ಕು ಕಳೆದಿದ್ದರು.

"ಬಂದರು ಅಂದ ಮೇಲೆ ನೀರಿನಲ್ಲಿರದೆ ಬೆಟ್ಟದ ಮೇಲೆ ಇರುತ್ತೇನ್ರೀ?" ಎಂದು ನನ್ನನ್ನೇ ಕೇಳಿದರು.

"ಅಪ್ಪಾ, ನಾನು ಹಾಕಿರೋ ಜಾಗದಲ್ಲಿ ಹಡಗು ಮುಳುಗುತ್ತೆ, ಬಂದರು ಇರಲ್ಲ" ಎಂದಳು ಮಗಳು.

"ನೀನು ಸುಮ್ನಿರೇ, ನಿಂಗೇನು ಗೊತ್ತಾಗುತ್ತೆ ಪರೀಕ್ಷೆ ವಿಷಯ!"

ಆಮೇಲೆ, ಇನ್ನೊಂದು ಭಾಷೆಯಾಗಿ ಉಳಿದಿದ್ದ ಕನ್ನಡದ ಪತ್ರಲೇಖನ. ಅಲ್ಲಿ ಅರ್ಧ ಮಾರ್ಕು ಹೋಗಿತ್ತು. ದಿನಾಂಕ ಹಾಕುವುದನ್ನು ಮರೆತಿದ್ದೆ ಎಂದು ಅವಳೇ ಒಪ್ಪಿಕೊಂಡಳು. ಪತ್ರ ಬರೆದ ದಿನ ಪರೀಕ್ಷೆಯ ದಿನವೇ, ಅದು ಪ್ರವೇಶಪತ್ರದಲ್ಲಿ ಅಚ್ಚಾಗಿದೆ, ಮೌಲ್ಯಮಾಪಕರು ಅದನ್ನು ನೋಡಿಕೊಳ್ಳಬೇಕಿತ್ತು ಎಂಬುದು ಟಾಪರಪ್ಪನವರ ವಾದ. ಅಡುಗೆಮನೆಯಿಂದ ಅವರ ಹೆಂಡತಿ ಕಾಫಿ ತಂದರು. ಲೋಟ ಇಡಲು ಜಾಗವಿಲ್ಲದೆ ಕೈಯಲ್ಲೇ ಹಿಡಿದು ನಿಂತು, "ಇವರ ಮಾರ್ಕ್ಸ್ ಕಾರ್ಡು ಎಲ್ಲಿದೆ ಅಂತ ಮದುವೆಯಾದಾಗಿಂದ ಹುಡುಕ್ತಾ ಇದೀನಿ" ಎಂದರು. ಟಾಪರಪ್ಪನವರು ಪುಟ ತಿರುಗಿಸಿದರು.

ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲೇಬೇಕು. ವಿಜ್ಞಾನದ ಉತ್ತರಪತ್ರಿಕೆಯ ಒಳಪುಟದಲ್ಲಿ ಕೊಟ್ಟಿದ್ದ ಒಂದು ಮಾರ್ಕು ಮೇಲಿನ ಪಟ್ಟಿಗೆ ಇಳಿದಿರಲಿಲ್ಲ. ನಾನೂ ಕೂಡಿದೆ, ಹುಡುಗಿಯೂ ಕೂಡಿದಳು, ಒಂದು ಕಡಿಮೆಯೇ. ಬೇಸಿಗೆಯ ಸೆಕೆಯಲ್ಲಿ ದಿನವಿಡೀ ಕೂತು ಕಟ್ಟುಗಟ್ಟಲೆ ಪತ್ರಿಕೆ ನೋಡುವ ಮೇಷ್ಟ್ರುಗಳ ಕಣ್ಣು ಒಂದೊಂದು ಸಲ ತಪ್ಪುತ್ತದೆ. ಮರುಎಣಿಕೆ, ಮರುಮೌಲ್ಯಮಾಪನ ಇರುವುದೇ ಅದಕ್ಕೆ, ಮತ್ತು ಅದನ್ನು ಕೇಳುವುದು ಮಗುವಿನ ಹಕ್ಕು. ಟಾಪರಪ್ಪನವರ ಮೇಲೆ ನನ್ನ ತಕರಾರು ಅವರು ನ್ಯಾಯ ಕೇಳುತ್ತಾರೆಂದಲ್ಲ. ಅವರ ನ್ಯಾಯ 620ರ ಮೇಲಕ್ಕೆ ಶುರುವಾಗುತ್ತದೆ, ಅಷ್ಟೆ. ಪಾಸಿನ ಅಂಚಿನಲ್ಲಿ ನಿಂತ ಹುಡುಗನ ಒಂದು ಮಾರ್ಕು ಕೂಡಿಕೆಯಲ್ಲಿ ತಪ್ಪಿಹೋದರೆ ಅವನು ಫೇಲಾಗುತ್ತಾನೆ, ಅವನ ಅಪ್ಪನಿಗೆ ಸ್ಕ್ಯಾನ್ ಪ್ರತಿ ಎಂಬುದೊಂದಿದೆ ಎಂದೇ ಗೊತ್ತಿರುವುದಿಲ್ಲ. ಇದನ್ನು ಹೇಳಿದಾಗ ಟಾಪರಪ್ಪನವರು "ಪಾಪ" ಎಂದರು, ನಿಜವಾಗಿಯೂ ಮರುಗಿ. ಹೇಳಿ ಮತ್ತೆ ಕೆಂಪು ಪೆನ್ನು ಕೈಗೆತ್ತಿಕೊಂಡರು.

ಬೆಂಗಳೂರಿನಲ್ಲಿ ಅವರ ತಂಗಿಯ ಮಗ ಸಿಬಿಎಸ್‌ಇ ಓದಿದವನು. ಅನಾರೋಗ್ಯಕರ ಪೈಪೋಟಿ ಬೇಡವೆಂದು ಆ ಮಂಡಳಿ ಟಾಪರುಗಳ ಪಟ್ಟಿ ಹೊರಡಿಸುವುದನ್ನೇ ಬಿಟ್ಟಿದೆ. 2023ರಲ್ಲಿ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎಂದು ಸಾರುವುದನ್ನೂ ಮಾಡಲಿಲ್ಲ. ಟಾಪರಪ್ಪನವರು ಇದನ್ನು ತಂಗಿಯ ಮನೆಗೆ ಬಂದ ಕಷ್ಟವೆಂದೇ ತಿಳಿದಿದ್ದಾರೆ. "ಟಾಪರ್ ಇಲ್ಲದ ಬೋರ್ಡು ಎಂಥ ಬೋರ್ಡ್ರೀ? ಅಲ್ಲಿ ಓದಿ ಏನು ಪ್ರಯೋಜನ?"

ಇಷ್ಟೆಲ್ಲ ನಾನು ಸಹಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಪ್ರತಿಭಾ ಪುರಸ್ಕಾರ ಸಮಿತಿಯಲ್ಲಿ ನಾನಿದ್ದೇನೆ. ಶಾಲು, ಪೇಟ, ಮೆಮೆಂಟೊ, ಒಂದು ಕವರು, ಶಾಸಕರು ಬರುವವರೆಗೆ ಎರಡು ಗಂಟೆ ಕಾಯುವುದು, ಇವಿಷ್ಟು ಎಲ್ಲರಿಗೂ ಉಂಟು. ಇದರ ಮೇಲೆ, ತೀರಿಹೋದ ಹೆಡ್‌ಮಾಸ್ತರರೊಬ್ಬರು ಇಟ್ಟ ದತ್ತಿಯಿಂದ "ಬಡಾವಣೆಗೆ ಪ್ರಥಮ" ಎಂಬ ಒಂದೇ ಒಂದು ಬಹುಮಾನ. 2025ರಲ್ಲಿ ಇಬ್ಬರು ಪ್ರಥಮರಾದರು. ಹಿಂದಿನ ರಸ್ತೆಯ ಸರ್ಕಾರಿ ಹೈಸ್ಕೂಲಿನ ಹುಡುಗನಿಗೆ ಪರೀಕ್ಷೆ-1ರಲ್ಲಿ 617 ಬಂದಿತ್ತು. ಅವನು ಪರೀಕ್ಷೆ-2 ಕಟ್ಟಿ 621 ಮಾಡಿಕೊಂಡ. 2024ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಅಂಕ.

"ಸಪ್ಲಿಮೆಂಟರಿ ಬರೆದವನು ಟಾಪರ‍್ರಾ?" ಎಂದು ಟಾಪರಪ್ಪನವರು ಸಭೆಯಲ್ಲಿ ಎದ್ದು ನಿಂತರು. ಇದೇ ಪರೀಕ್ಷೆ-2ಕ್ಕೆ ಮಗಳನ್ನು ಕೂರಿಸಲು "ಸರ್ಕಾರ ಕೊಟ್ಟ ಹಕ್ಕು" ಎಂದು ಓಡಾಡಿದ್ದು, ಅವಳು "ಬೇಕಾದ್ರೆ ನೀವೇ ಬರೀರಿ" ಎಂದು ಅಜ್ಜಿ ಮನೆಗೆ ಹೊರಟುಹೋದದ್ದು ಸಭೆಗೆಲ್ಲ ಗೊತ್ತಿತ್ತು. ಸರಿ, ಬೇರೆ ಅಳತೆಗೋಲು ನೀವೇ ಹೇಳಿ ಎಂದೆವು. ಗಣಿತದಲ್ಲಿ ಯಾರಿಗೆ ಹೆಚ್ಚು ಎಂದು ನೋಡಿ ಎಂದರು. ಹುಡುಗನಿಗೆ ನೂರು, ಇವಳಿಗೆ ತೊಂಬತ್ತೊಂಬತ್ತು. ಗಣಿತವೊಂದನ್ನೇ ನೋಡುವುದು ಉಳಿದ ವಿಷಯಗಳಿಗೆ ಅನ್ಯಾಯ ಎಂದರು. ವಯಸ್ಸಿನಲ್ಲಿ ಚಿಕ್ಕವರು ಯಾರೋ ಅವರಿಗೆ ಕೊಡಿ, ಎಲ್ಲ ಕಡೆ ಹಾಗೇ ಮಾಡುತ್ತಾರೆ ಎಂದರು. ಹುಡುಗ ಮೂರು ತಿಂಗಳಿಗೆ ಚಿಕ್ಕವನು. ಹಿರಿಯರಿಗೆ ಮೊದಲ ಮರ್ಯಾದೆ ಕೊಡುವುದು ನಮ್ಮ ಸಂಸ್ಕೃತಿ ಎಂದರು.

ಕೊನೆಗೆ ಹುಡುಗನನ್ನೇ ಕರೆಸಿದೆವು. ಅವನು ಬಾಗಿಲಲ್ಲೇ ನಿಂತು, "ಅಂಕಲ್, ಮೆಮೆಂಟೊ ಅವಳೇ ಇಟ್ಕೊಳ್ಲಿ, ಕವರ್ ನಂಗೆ ಕೊಡಿ" ಎಂದ. ಸಮಿತಿ ನಿಟ್ಟುಸಿರು ಬಿಟ್ಟಿತು. ಟಾಪರಪ್ಪನವರು ಬಿಡಲಿಲ್ಲ. "ಕವರ್ ಇಲ್ಲದೆ ಬರೀ ಮೆಮೆಂಟೊ ಕೊಟ್ಟರೆ ಅದು ಪ್ರಥಮ ಹೇಗಾಗುತ್ತೆ? ಜನ ಸಮಾಧಾನಕರ ಅಂದ್ಕೊಳ್ತಾರೆ!" ದತ್ತಿಯ ಬಡ್ಡಿ ಐನೂರು ರೂಪಾಯಿಯೂ ಇರಲಿಲ್ಲ. ಸಮಿತಿಯವರು ಕೈಯಿಂದ ಹಾಕಿ ಎರಡು ಕವರು, ಎರಡು ಮೆಮೆಂಟೊ ಮಾಡಿಸಿದೆವು. ಎರಡರ ಮೇಲೂ "ಪ್ರಥಮ, 621" ಎಂದು ಕೆತ್ತಿಸಿ ಕಾರ್ಯಕ್ರಮ ಮುಗಿಸಿದೆವು.

ಮರುಎಣಿಕೆಯ ಫಲ ಬಂದದ್ದು ಅದಾದ ಮೇಲೆ. ಅವಳಿಗೆ 622 ಆಯಿತು. ಮರುದಿನ ಬೆಳಗ್ಗೆ, ಹಾಲಿನವನಿಗಿಂತ ಮೊದಲೇ, ಟಾಪರಪ್ಪನವರು ಮೆಮೆಂಟೊವನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದರು. ಸಂಖ್ಯೆ ತಿದ್ದಿಸಬೇಕು, ಹುಡುಗನ ಮೆಮೆಂಟೊ ವಾಪಸು ತರಿಸಿ "ದ್ವಿತೀಯ" ಎಂದು ಕೆತ್ತಿಸಬೇಕು. ಕೆತ್ತುವ ಅಂಗಡಿಯವನು ಅಕ್ರಿಲಿಕ್ ಮೇಲೆ ಒಮ್ಮೆ ಕೊರೆದದ್ದನ್ನು ತಿದ್ದಲು ಬರುವುದಿಲ್ಲ ಎಂದ. ಹುಡುಗ ತನ್ನದು ಸಿಗುತ್ತಿಲ್ಲ ಎಂದ. ಅವನು ಸುಳ್ಳು ಹೇಳುತ್ತಿದ್ದಾನೆಂದು ನನಗೂ ಗೊತ್ತು, ನಾನು ಒತ್ತಾಯಿಸಲಿಲ್ಲ.

ಈ ವರ್ಷ ಪ್ರತಿಭಾ ಪುರಸ್ಕಾರ ಇಟ್ಟುಕೊಂಡಿರುವ ಎಲ್ಲ ಸಂಘ, ಸಮಾಜ, ಬಳಗಗಳ ಕಾರ್ಯದರ್ಶಿಗಳಲ್ಲಿ ನನ್ನ ಕಳಕಳಿಯ ಮನವಿ ಇಷ್ಟೇ. ಮೆಮೆಂಟೊ ಮೇಲೆ ಮಗುವಿನ ಹೆಸರು, ಇಸವಿ ಮಾತ್ರ ಕೆತ್ತಿಸಿ. ಅಂಕ ಮತ್ತು ಸ್ಥಾನದ ಜಾಗವನ್ನು ಖಾಲಿ ಬಿಟ್ಟು, ಜೊತೆಗೊಂದು ಸ್ಕೆಚ್ ಪೆನ್ನು ಕೊಟ್ಟು ಕಳಿಸಿ. ಉಳಿದದ್ದನ್ನು ಅಪ್ಪಂದಿರು ಬರೆದುಕೊಳ್ಳುತ್ತಾರೆ.